ಬ್ಯಾನಿ ಬರಲೆಂದು ಕಾದವರು

ಹೋದ ತಿಂಗಳು ನಮ್ಮ ಮನೆಯವರ ಮಂಡಿಯ ಆಪರೇಷನ್ ಆಯಿತು. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಅವರನ್ನು ಕೋಣೆಗೆ ತಂದು ಮಲಗಿಸಿದ ಸ್ವಲ್ಪ ಹೊತ್ತಿಗೆ ಎಳೆ ವಯಸ್ಸಿನ ಡಾಕ್ಟರೊಬ್ಬಳು ಬಂದಳು. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು, ಮೈ ಎಲ್ಲಿಯವರೆಗೆ ಮರಗಟ್ಟಿದೆ ಎಂದು ನೋಡಲು, ಅವರ ತೊಡೆಗೆ ಮುಟ್ಟಿಸಿ, ‘ತಂಪು ಹತ್ತತದೇನ್ರಿ?’ ಎಂದು ಕೇಳಿದಳು. ಮೊದಲು ತೊಡೆ, ಆಮೇಲೆ ಹೊಟ್ಟೆ, ಆಮೇಲೆ ಎದೆ. ಫ್ಯಾನಿನ ಗಾಳಿಗೆ ಸ್ಪಿರಿಟ್ಟಿನ ವಾಸನೆ ಕೋಣೆಯೆಲ್ಲ ಹರಡಿತು. ಕಿಟಕಿಯ ಹತ್ತಿರ ಕುಳಿತಿದ್ದ ನಾನು ನನಗರಿವಿಲ್ಲದೆಯೇ ನನ್ನ ಬಲಗಾಲಿನ ಬೆರಳುಗಳನ್ನು ಮಡಚಿ ಬಿಡಿಸಿದೆ. ಸುಮಾರು ನಲವತ್ತು ವರ್ಷದ ಹಿಂದೆ ಇದೇ ಊರಿನಲ್ಲಿ ಇನ್ನೊಬ್ಬರು ನನ್ನನ್ನು ಅದೇ ಪ್ರಶ್ನೆ ಕೇಳಿದ್ದರು. ಅವರದು ಸ್ವಲ್ಪ ಗೊಗ್ಗರು ಧ್ವನಿ...

ವಾರ್ಡಿನಲ್ಲಿ ಎಲ್ಲರೂ ಅವರನ್ನು ಮತ್ತಿನ ಡಾಕ್ಟರಬಾಯಿ ಎನ್ನುತ್ತಿದ್ದರು. ಆಪರೇಷನ್ನಿಗೆ ಮುಂಚೆ ಮತ್ತು ಕೊಡುವವರು ಎಂಬ ಅರ್ಥದಲ್ಲಿ. ನಲವತ್ತರ ಆಸುಪಾಸಿನ ಸಣಕಲು ಹೆಂಗಸು. ಹೈದರಾಬಾದ್ ಕಡೆಯವರು. ಕನ್ನಡವನ್ನು ರೋಗಿಗಳಿಂದಲೇ ಕಲಿತಿದ್ದರು, ಆದ್ದರಿಂದ ನಮ್ಮ ಹಾಗೆಯೇ ಮಾತನಾಡುತ್ತಿದ್ದರು. ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಂಡಿರುತ್ತಿದ್ದರು. ನಾಡಿ ಹಿಡಿದಾಗ ಅವರ ಕಣ್ಣು ಗಡಿಯಾರದ ಮೇಲಿರುತ್ತಿತ್ತು, ನಮ್ಮ ಕಣ್ಣು ಅವರ ಮುಖದ ಮೇಲಿರುತ್ತಿತ್ತು.

ಎಂಬತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ತಮೂರು. ಮಾನ್ವಿಯಲ್ಲಿ ನಮ್ಮದು ಕೂಲಿ ಮಾಡುವವರ ಕೇರಿ. ಅಲ್ಲಿಂದ ಸರಕಾರಿ ನೌಕರಿಗೆ ಸೇರಿದ ಮೊದಲ ಹೆಣ್ಣುಮಗಳು ನಾನು. ಅವ್ವ ಸಿರವಾರದ ಕಡೆಯ ಗದ್ದೆಗಳಲ್ಲಿ ಭತ್ತದ ನಾಟಿ ಮಾಡಿ, ಕಳೆ ಕಿತ್ತು ನನ್ನನ್ನು ಓದಿಸಿದ್ದಳು. ಕವಿತಾಳದಾಚೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಗೆ ಟೀಚರಾಗಿ ಹೋಗಿ ಎರಡು ವರ್ಷವೂ ತುಂಬಿರಲಿಲ್ಲ. ಬಸ್ಸಿಳಿದು ಕಾಲುವೆಯ ದಂಡೆಗುಂಟ ಒಂದು ಮೈಲಿ ನಡೆಯಬೇಕಿತ್ತು. ಸುಗ್ಗಿಯ ಒಂದು ಬೆಳಿಗ್ಗೆ, ಭತ್ತದ ಚೀಲ ಹೇರಿದ ಟ್ರ್ಯಾಕ್ಟರೊಂದು ಆ ದಂಡೆಯ ಮೇಲೆ ಹಿಂದಕ್ಕೆ ಹಿಂದಕ್ಕೆ ಬರುತ್ತಿತ್ತು. ದಾರಿ ಬಿಡಲು ಬದಿಗೆ ಸರಿದೆ. ಕಾಲ ಕೆಳಗಿನ ಮಣ್ಣು ಕುಸಿಯಿತು. ಟ್ರೇಲರಿನ ಗಾಲಿ ನನ್ನ ಬಲಗಾಲಿನ ಮೇಲೆ, ಮಂಡಿಯ ಕೆಳಗೆ, ಹತ್ತಿ ಇಳಿಯಿತು.

ಮಧ್ಯಾಹ್ನದ ಹೊತ್ತಿಗೆ ರಾಯಚೂರಿನ ಆಸ್ಪತ್ರೆಯಲ್ಲಿದ್ದೆ. ಮೊಣಕಾಲ ಕೆಳಗಿನ ಎರಡೂ ಎಲುಬು ಮುರಿದಿವೆ, ನಾಳೆ ಬೆಳಿಗ್ಗೆ ಆಪರೇಷನ್ ಮಾಡಿ ಲೋಹದ ಪಟ್ಟಿ ಕೂರಿಸಬೇಕು ಎಂದರು ಎಲುಬಿನ ಡಾಕ್ಟರು. ಸಂಜೆ ಮುಂದೆ ಮತ್ತಿನ ಡಾಕ್ಟರಬಾಯಿ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ನಡುವಿನ ಮೇಲೆ, ಬೆನ್ನಿಗೆ ಸೂಜಿ ಹಾಕಿ, ಅದರೊಳಗಿಂದ ಒಂದು ಸಣ್ಣ ನಳಿ ಬಿಡುತ್ತೇನೆ, ಆಪರೇಷನ್ ಆದ ಮೇಲೂ ಎರಡು ಮೂರು ದಿನ ಅದರಲ್ಲಿ ಔಷಧಿ ಕೊಡುತ್ತೇನೆ, ಕಾಲಿನ ಬ್ಯಾನಿ ಗೊತ್ತಾಗುವುದಿಲ್ಲ ಎಂದರು. ನಮ್ಮ ಕಡೆ ನೋವಿಗೆ ಬ್ಯಾನಿ ಎನ್ನುತ್ತೇವೆ. ಅವರೂ ಹಾಗೇ ಅನ್ನುತ್ತಿದ್ದರು.

ಅವ್ವ ಎದ್ದು ನಿಂತಳು. ‘ಬೆನ್ನಿಗೆ ಸೂಜಿ ಹಾಕಿದ್ರ ಸೊಂಟ ಬಿದ್ದು ಹೋಗ್ತದಂತ್ರೀ ಬಾಯಾರ. ನಮ್ಮ ಓಣ್ಯಾಗ ಒಬ್ಬಾಕಿ ಹಂಗ ಆಗ್ಯಾಳ. ಇನ್ನಾ ಮದಿವಿ ಆಗದ ಹುಡುಗಿರೀ ಇಕಿ.’

‘ಅಮ್ಮಾ, ಕೈ ಕೊಡ್ರಿ ಇಲ್ಲಿ’ ಎಂದರು ಅವರು.

ಅವ್ವನ ಕೈ ಹಿಡಿದು, ತಾವೇ ಬೆನ್ನು ತಿರುಗಿಸಿ, ತಮ್ಮ ನಡುವಿನ ಎಲುಬಿನ ಮೇಲೆ ಇಟ್ಟುಕೊಂಡರು. ಅವ್ವ ಕೈ ಹಿಂದಕ್ಕೆಳೆದುಕೊಳ್ಳಲು ನೋಡಿದಳು. ದೊಡ್ಡ ಮಂದಿ ಯಾರೂ ಅವಳ ಕೈಯನ್ನು ಹಾಗೆ ಹಿಡಿದವರಲ್ಲ. ಇವರು ಬಿಡಲಿಲ್ಲ. ‘ಒಂದೊಂದ ಮಣಿ ಕೈಗೆ ಹತ್ತತಾವಲ್ಲ, ಅವುಗಳ ನಡುವ ಸಂದಿ ಅದ ನೋಡ್ರಿ. ಅಲ್ಲಿ ಹೋಗತದ ಸೂಜಿ. ನಳಿ ತೆಗೆದ ಮ್ಯಾಲ ಎಲ್ಲಾ ಮೊದಲಿನ ಹಂಗ. ನಾ ಜವಾಬ್ದಾರಿ.’

ಅವ್ವ ನನ್ನ ಮುಖ ನೋಡಿದಳು. ನಾನು ಹೂಂ ಎಂದೆ. ಆ ಹೊತ್ತಿಗೆ ನೋವು ಕಡಿಮೆಯಾಗುತ್ತದೆ ಎಂದು ಯಾರು ಏನು ಹೇಳಿದ್ದರೂ ಹೂಂ ಅನ್ನುತ್ತಿದ್ದೆ.

ಮರುದಿನ ಆಪರೇಷನ್ ಆಯಿತು. ಆ ಮಧ್ಯಾಹ್ನವನ್ನು ಹೇಗೆ ವಿವರಿಸಲಿ... ಮೈಯಲ್ಲಿ ಒಂದು ಭಾರವಾದ ಕಾಲಿತ್ತು, ಅದು ನನ್ನದೇ ಆಗಿತ್ತು, ಆದರೆ ಅದರ ಯಾತನೆ ಮಾತ್ರ ಎಲ್ಲೋ ದೂರದ ಊರಿನಲ್ಲಿತ್ತು. ದಾರದಷ್ಟು ಸಣ್ಣ ನಳಿಯನ್ನು ಬೆನ್ನಗುಂಟ ಮೇಲಕ್ಕೆ ತಂದು ಹೆಗಲ ಹತ್ತಿರ ಅಂಟುಪಟ್ಟಿ ಹಚ್ಚಿದ್ದರು. ಡಾಕ್ಟರಬಾಯಿ ಹೊತ್ತಿಗೆ ಸರಿಯಾಗಿ ಬಂದು ಅದರ ತುದಿಗೆ ಸಿರಿಂಜು ಸಿಕ್ಕಿಸಿ ನಿಧಾನಕ್ಕೆ ಔಷಧಿ ಒತ್ತುತ್ತಿದ್ದರು. ಆ ಕೆಲಸವನ್ನು ನರ್ಸುಗಳ ಕೈಗೆ ಕೊಡುತ್ತಿರಲಿಲ್ಲ. ಒತ್ತಿದ ಮೇಲೆ ಬಿ.ಪಿ. ನೋಡಿ, ಸ್ಪಿರಿಟ್ ಹತ್ತಿ ಮುಟ್ಟಿಸಿ, ಬೆರಳು ಆಡಿಸಲು ಹೇಳಿ, ಮೀನಖಂಡ ಒತ್ತಿ ನೋಡಿ ಹೋಗುತ್ತಿದ್ದರು.

ಪಕ್ಕದ ಮಂಚದಲ್ಲಿ ದೇವದುರ್ಗದ ಕಡೆಯ ಒಬ್ಬ ಅಜ್ಜಿ ಇದ್ದಳು. ಕುರಿ ಕಾಯುವ ಮನೆತನ, ಆದರೆ ಈಗ ಹೊಲ ಮನೆ ಎಲ್ಲ ಇದ್ದವರು. ಮಗ ಊರಿನ ಮುಖಂಡ, ಆಸ್ಪತ್ರೆಗೆ ಜೀಪಿನಲ್ಲಿ ಬರುತ್ತಿದ್ದ. ಅಂಗಳದಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ನನ್ನ ನಂತರ ಅವಳ ಆಪರೇಷನ್. ಅವಳ ಬೆನ್ನಿಗೂ ನಳಿ.

‘ಏ ಹುಡುಗಿ, ನಿನ್ನ ಬೆನ್ನಾಗೂ ದಾರ ಬಿಟ್ಟಾರೇನಬೇ? ಇಬ್ಬರನ್ನೂ ಸೇರಿಸಿ ಕಂಬಳಿ ನೇಯಾಕತ್ತಾರೇನೋ ಅನಸ್ತದ’ ಎಂದು ನಗಿಸಿದಳು. ಕಾಲು ಮುರಿದ ಮರುದಿನ ನಾನು ನಕ್ಕೆ. ಅವ್ವ ನನ್ನನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಪರೇಷನ್ನಿನ ಮಾರನೆಯ ಬೆಳಿಗ್ಗೆ ಏಳಕ್ಕೆ ನಮ್ಮಿಬ್ಬರಿಗೂ ಔಷಧಿ ಬಿತ್ತು. ಮಧ್ಯಾಹ್ನದವರೆಗೆ ಚಿಂತೆಯಿಲ್ಲ ಎಂದು ನಾನು ಮಲಗಿದೆ. ಆದರೆ ಕಾಲಿನಲ್ಲಿ ಏನೋ ಬೇರೆಯಾಗಿತ್ತು. ಬೆರಳುಗಳಲ್ಲಿ ಜುಮುಜುಮು. ಮೀನಖಂಡ ಒಳಗಿನಿಂದ ಬಿಗಿದಂತೆ. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಳಿ ತೆಗೆದುಬಿಡುತ್ತಾರೆಂಬ ಭಯ. ಒಂಬತ್ತರ ಹೊತ್ತಿಗೆ ನೋವು ಔಷಧಿಯನ್ನು ಸೀಳಿಕೊಂಡು ಬಂತು. ಮುರಿದ ದಿನದ ನೋವಿನಂತಲ್ಲ ಅದು. ಯಾರೋ ಕಾಲನ್ನು ಹಿಂಡುತ್ತಿದ್ದಾರೆ, ಹಿಂಡುತ್ತಲೇ ಇದ್ದಾರೆ ಅನ್ನುವ ಹಾಗೆ. ಅವ್ವ ಓಡಿ ಹೋಗಿ ನರ್ಸನ್ನು ಕರೆದಳು, ನರ್ಸು ಡಾಕ್ಟರಬಾಯಿಯನ್ನು ಕರೆತಂದಳು.

ಅವರು ಸಿರಿಂಜು ತುಂಬಿಕೊಂಡೇ ಬಂದಿದ್ದರು. ನನ್ನ ಕಾಲು ನೋಡಿದರು. ಮೀನಖಂಡ ಒತ್ತಿದರು. ಬೆರಳು ಹಿಡಿದು ಮೇಲಕ್ಕೆ ಬಾಗಿಸಿದರು, ನಾನು ಚೀರಿದೆ. ಸಿರಿಂಜನ್ನು ಹಾಗೆಯೇ ಟ್ರೇಯಲ್ಲಿ ಇಟ್ಟುಬಿಟ್ಟರು.

‘ಔಷಧಿ ಕೊಡ್ರೀ ಬಾಯಾರ’ ಎಂದೆ.

‘ಈಗ ಕೊಡಂಗಿಲ್ಲ ಟೀಚರಮ್ಮಾ.’

‘ಯಾಕ್ರಿ?’

‘ಈ ಬ್ಯಾನಿ ನನಗ ಬೇಕು’ ಎಂದರು. ಅಷ್ಟೇ. ಕತ್ತರಿ ತರಿಸಿ ಕಾಲಿಗೆ ಸುತ್ತಿದ್ದ ಸಿಮೆಂಟ್ ಪಟ್ಟಿಯನ್ನು, ಒಳಗಿನ ಹತ್ತಿಯನ್ನು ಮೇಲಿನಿಂದ ಕೆಳಗಿನವರೆಗೆ ಕತ್ತರಿಸಿ ಅಗಲ ಮಾಡಿದರು. ಆಮೇಲೆ ಸ್ಟೂಲ್ ಎಳೆದುಕೊಂಡು ಕುಳಿತರು. ಗಡಿಯಾರ ನೋಡುವುದು, ಬೆರಳು ಒತ್ತಿ ರಕ್ತ ಮರಳುವುದನ್ನು ನೋಡುವುದು, ಮತ್ತೆ ಗಡಿಯಾರ ನೋಡುವುದು. ಔಷಧಿ ಪೂರ್ತಿ ಇಳಿಯುತ್ತ ಬಂದಂತೆ ನೋವು ಪೂರ್ತಿ ಏರುತ್ತ ಬಂತು. ನನ್ನ ನೋವು ಹೆಚ್ಚಾಗಲೆಂದು ಕಾದು ಕುಳಿತ ಹೆಂಗಸಿನಂತೆ ಅವರು ನನಗೆ ಕಂಡರು.

ನಡುವೆ ಒಮ್ಮೆ ಎದ್ದು, ಪಕ್ಕದ ಮಂಚದ ಅಜ್ಜಿಯನ್ನು ಪರೀಕ್ಷೆ ಮಾಡಿ, ಅವಳ ನಳಿಗೆ ಔಷಧಿ ಒತ್ತಿದರು. ನನ್ನ ಕಣ್ಣೆದುರಿಗೇ. ಅಜ್ಜಿಯ ಮಗ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಾಲ ದೆಸೆಯಲ್ಲಿ ನಿಂತಿದ್ದ. ಅವನಿಗೆ ಅವರು ಏನೋ ಬಿಡಿಸಿ ಹೇಳುತ್ತಿದ್ದರು, ಅವನು ತಲೆಯಾಡಿಸುತ್ತಿದ್ದ. ಅದನ್ನು ನಾನೂ ನೋಡಿದೆ, ಅವ್ವನೂ ನೋಡಿದಳು.

‘ಅವರಿಗೆ ಜೀಪದ, ಅದಕ್ಕ ಔಷಧಿ. ನಾವು ಕೂಲಿ ಮಂದಿ, ಒದರಿ ಸಾಯಬೇಕು. ಹಂಗೇನ್ರಿ?’ ಅವ್ವನ ಕೂಗಿಗೆ ವಾರ್ಡಿಗೆ ವಾರ್ಡೇ ತಿರುಗಿ ನೋಡಿತು.

ಡಾಕ್ಟರಬಾಯಿಯ ಮುಖ ಕೆಂಪಾಯಿತು. ‘ಅಮ್ಮಾ, ಜರಾ ತಡೀರಿ’ ಎಂದಷ್ಟೇ ಹೇಳಿ ವಾರ್ಡಿನ ಬಾಗಿಲ ಹತ್ತಿರವಿದ್ದ ಫೋನಿನ ಕಡೆ ಹೋದರು. ಎಲುಬಿನ ಡಾಕ್ಟರು ಅಂದು ಬೆಳಿಗ್ಗೆ ಮಾನ್ವಿಗೆ ರೋಗಿಯೊಬ್ಬರನ್ನು ನೋಡಲು ಹೋಗಿದ್ದರು.

ಡಾಕ್ಟರಬಾಯಿ ಫೋನಿನಲ್ಲಿದ್ದಾಗ ನಾನು ಅವ್ವನಿಂದ ನನ್ನ ಶಾಲೆಯ ಚೀಲ ತರಿಸಿಕೊಂಡೆ. ಅದರೊಳಗಿನ ನೋಟುಬುಕ್ಕಿನಿಂದ ಒಂದು ಹಾಳೆ ಹರಿದೆ. ಹಲ್ಲು ಕಚ್ಚಿಕೊಂಡು ಬರೆದೆ: ಪಕ್ಕದ ಮಂಚದವರಿಗೆ ಔಷಧಿ ಕೊಟ್ಟಿದ್ದಾರೆ, ನಾವು ಕೂಲಿ ಜನರೆಂದು ನನಗೆ ನಿಲ್ಲಿಸಿದ್ದಾರೆ, ದಯವಿಟ್ಟು ವಿಚಾರಣೆ ಮಾಡಬೇಕು. ಅವರ ಹೆಸರು ಬರೆದೆ. ಕೆಳಗೆ ನನ್ನ ಸಹಿ, ಸಹ ಶಿಕ್ಷಕಿ ಎಂಬ ಹುದ್ದೆ. ನಮ್ಮ ಕೇರಿಯಲ್ಲಿ ಯಾರ ಅರ್ಜಿ ಇದ್ದರೂ ಬರೆದುಕೊಡುತ್ತಿದ್ದವಳು ನಾನೇ. ನನಗಾಗಿ ಬರೆದುಕೊಂಡ ಮೊದಲ ಅರ್ಜಿ ಅದು. ಓದು ಬಾರದ ಅವ್ವ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಆಸ್ಪತ್ರೆಯ ಹಿರಿಯ ಅಧಿಕಾರಿಯ ಕೋಣೆಗೆ ಕೊಟ್ಟುಬಂದಳು. ಈಗ ಇದನ್ನು ಬರೆಯುವಾಗ ಡಾಕ್ಟರಬಾಯಿಯ ಹೆಸರು ಹಾಕುತ್ತಿಲ್ಲ. ಅವರ ಹೆಸರನ್ನು ಒಮ್ಮೆ ಹಾಗೆ ಬರೆದದ್ದೇ ಸಾಕು.

ಫೋನಿನಲ್ಲಿ ಡಾಕ್ಟರಬಾಯಿಯ ಧ್ವನಿ ಏರಿತ್ತು. ‘ಔಷಧಿ ಕೊಟ್ಟು ಮಲಗಿಸೋದು ಸುಲಭ ಅದ ಸಾರ್... ಇಲ್ಲ, ಸಂಜೀತನಕ ಕಾಲು ಕಾಯಂಗಿಲ್ಲ. ನೀವು ಈಗ ಹೊರಡ್ರಿ. ನಾ ಥಿಯೇಟರ್ ತಯಾರ್ ಇಡ್ತೀನಿ.’ ಅದು ನನ್ನ ಕಿವಿಗೆ ಬಿತ್ತು, ಆದರೆ ತಲೆಗೆ ಹೋಗಲಿಲ್ಲ. ನೋವಿನಲ್ಲಿದ್ದವರಿಗೆ ತಮಗೆ ಬೇಕಾದ ಮಾತು ಮಾತ್ರ ಕೇಳಿಸುತ್ತದೆ.

ಅವರು ಮರಳಿ ಬಂದು ಮತ್ತೆ ಅದೇ ಸ್ಟೂಲಿನ ಮೇಲೆ ಕುಳಿತರು. ಊಟಕ್ಕೆ ಏಳಲಿಲ್ಲ. ನಾನು ಅವರನ್ನು ಬೈದೆ. ಏನೇನು ಬೈದೆನೋ, ಎಲ್ಲ ನೆನಪಿಲ್ಲ... ಇಲ್ಲ, ನೆನಪಿದೆ, ಬರೆಯಲಾರೆ. ಹಾಸಿಗೆಯ ಅಂಚು ಹಿಡಿದಿದ್ದ ನನ್ನ ಕೈಯನ್ನು ಬಿಡಿಸಿ ತಮ್ಮ ಕೈಯಲ್ಲಿ ಹಿಡಿದುಕೊಂಡರು. ನಾನು ಉಗುರು ಊರಿದೆ. ಅವರು ಕೈ ತೆಗೆಯಲಿಲ್ಲ.

ಹನ್ನೆರಡೂವರೆಗೆ ಎಲುಬಿನ ಡಾಕ್ಟರು ಬಂದರು. ಕಾರಿನಿಂದ ಇಳಿದು ನೇರ ವಾರ್ಡಿಗೆ ಬಂದ ಅವರ ಮುಖದ ತುಂಬ ಸಿಟ್ಟಿತ್ತು. ‘ಎಲುಬು ಮುರಿದ್ರ ನೋವು ಆಗಂಗಿಲ್ಲೇನ್ರಿ?’ ಎನ್ನುತ್ತಲೇ ನನ್ನ ಹೆಬ್ಬೆರಳು ಹಿಡಿದು ಮೇಲಕ್ಕೆ ಬಾಗಿಸಿದರು. ನಾನು ಕೂಗಿದ ಕೂಗಿಗೆ ಅವರ ಸಿಟ್ಟು ಇಳಿದುಹೋಯಿತು. ಮೀನಖಂಡವನ್ನು ಎರಡೂ ಕೈಯಿಂದ ಮುಟ್ಟಿ ನೋಡಿದರು. ಡಾಕ್ಟರಬಾಯಿಯ ಕಡೆ ತಿರುಗಿ, ‘ಎಷ್ಟೊತ್ತಾತು?’ ಎಂದರು.

‘ಒಂಬತ್ತರಿಂದ.’

‘ನಡೀರಿ.’

ಒಂದು ಗಂಟೆಯ ಒಳಗೆ ನನ್ನ ಕಾಲಿನ ಎರಡೂ ಬದಿಯಲ್ಲಿ ಗೇಣುದ್ದ ಚರ್ಮ ಸೀಳಿದ್ದರು.

ಮರುದಿನ ಡಾಕ್ಟರಬಾಯಿ ಬಂದು ನಳಿಗೆ ಔಷಧಿ ಒತ್ತಿದರು. ‘ಬ್ಯಾನಿ ಹೇಳೋದು ಹೇಳಿ ಮುಗಸ್ತು. ಇನ್ನ ಸುಮ್ಮನಿರಸೋಣ’ ಎಂದರು. ಆಮೇಲೆ ಅವ್ವನನ್ನು ಹತ್ತಿರ ಕೂರಿಸಿಕೊಂಡು, ತಮ್ಮ ಮುಷ್ಟಿಯ ಮೇಲೆ ಕರವಸ್ತ್ರ ಬಿಗಿಯಾಗಿ ಸುತ್ತಿ ತೋರಿಸಿದರು. ಗಾಲಿ ಹತ್ತಿ ಜಜ್ಜಿದ ಮಾಂಸ ಒಳಗೊಳಗೇ ಬಾತುಕೊಳ್ಳುತ್ತದೆ. ಅದರ ಮೇಲಿನ ಪೊರೆ ಹಿಗ್ಗುವುದಿಲ್ಲ. ಬಾತ ಮಾಂಸ ತನಗೆ ಬರುವ ರಕ್ತವನ್ನು ತಾನೇ ತಡೆಯುತ್ತದೆ. ಆ ಪೊರೆಯನ್ನು ಸೀಳದೆ ಹಾಗೇ ಬಿಟ್ಟರೆ ಕೆಲವೇ ಗಂಟೆಯಲ್ಲಿ ಕಾಲು ಸತ್ತುಹೋಗುತ್ತದೆ. ಅದನ್ನು ತಿಳಿಸಲು ದೇಹಕ್ಕಿರುವ ಬಾಯಿ ಎಂದರೆ ಆ ನೋವೊಂದೇ. ಅಜ್ಜಿಯ ತೊಡೆಯಲ್ಲಿ ಆ ಹೆದರಿಕೆ ಇರಲಿಲ್ಲ, ಆದ್ದರಿಂದ ಅವಳಿಗೆ ಔಷಧಿ ನಿಲ್ಲಿಸಲಿಲ್ಲ.

‘ಹೈದರಾಬಾದಿನಾಗ ನಾ ಕಲಿಯುವಾಗ ಒಬ್ಬ ಲಾರಿ ಡ್ರೈವರ್ ಇದ್ದ’ ಎಂದರು. ‘ಇದೇ ಕಾಲು, ಇದೇ ಪೆಟ್ಟು. ನಾನ ನಳಿ ಬಿಟ್ಟಿದ್ದೆ. ಎಷ್ಟು ಚಲೋ ಕೆಲಸ ಮಾಡಿತ್ತು ಅಂದ್ರ, ಎರಡು ದಿನ ನಕ್ಕೋತ ಮಾತಾಡ್ಕೋತ ಇದ್ದ. ಬ್ಯಾನಿ ಬಂದ್ರ ಸಾಕು, ನಾ ಓಡಿ ಹೋಗಿ ಔಷಧಿ ಕೊಡತಿದ್ದೆ. ಮೂರನೇ ದಿನ ಪಟ್ಟಿ ಬಿಚ್ಚಿದಾಗ ಕಾಲು ಕರ್ರಗಾಗಿತ್ತು. ತೆಗೀಬೇಕಾತು.’

ಕ್ಷಮಿಸಿ ಎಂಬ ಮಾತು ಅವ್ವನ ಬಾಯಲ್ಲಿ ಎಂದೂ ಬಂದದ್ದಿಲ್ಲ. ಆದರೆ ಅಂದಿನಿಂದ ಆ ಸ್ಟೂಲನ್ನು ದಿನಾ ಬೆಳಿಗ್ಗೆ ಸೆರಗಿನಿಂದ ಒರೆಸಿ ಇಡುತ್ತಿದ್ದಳು. ಯಾರಾದರೂ ಕೂರಲು ಬಂದರೆ, ‘ಅದು ಬಾಯಾರದು, ನೀವು ಕೆಳಗ ಕುಂದರ್ರಿ’ ಎನ್ನುತ್ತಿದ್ದಳು. ದೇವದುರ್ಗದ ಅಜ್ಜಿಯ ಮಗನಿಗೂ ಹಾಗೇ ಅಂದಳು. ಅವನು ಕೆಳಗೆ ಕುಳಿತ.

ಮೂರು ವಾರದ ಮೇಲೆ ಕಚೇರಿಯ ಗುಮಾಸ್ತನೊಬ್ಬ ಫೈಲು ಹಿಡಿದು ಬಂದ. ನನ್ನ ಅರ್ಜಿಯ ಮೇಲೆ ಡಾಕ್ಟರಬಾಯಿಗೆ ಉತ್ತರ ಕೇಳಿದ್ದರಂತೆ, ಅವರು ಕೊಟ್ಟಿದ್ದರಂತೆ, ಈಗ ನನ್ನ ಹೇಳಿಕೆ ಬೇಕಂತೆ. ಆ ಹಾಳೆ ಅಂದೇ ಎಲ್ಲೋ ಕಸಕ್ಕೆ ಹೋಗಿರುತ್ತದೆಂದು ನಾನು ನಂಬಿದ್ದೆ. ಹಾಗೆ ನಂಬುವುದು ನನಗೆ ಅನುಕೂಲವೂ ಆಗಿತ್ತು. ಆ ಮೂರು ವಾರ ಅವರು ದಿನಾ ಬಂದು ನನ್ನ ಗಾಯ ನೋಡುತ್ತಿದ್ದರು, ಒಂದು ದಿನವೂ ಅದರ ಸುದ್ದಿ ಎತ್ತಿರಲಿಲ್ಲ. ತಿಳಿವಳಿಕೆ ಇಲ್ಲದೆ ಬರೆದದ್ದು, ದೂರನ್ನು ವಾಪಸ್ ಪಡೆಯುತ್ತೇನೆ ಎಂದು ಬರೆದುಕೊಟ್ಟೆ.

ಅಂದು ಸಂಜೆ ಅವರು ಬಂದಾಗ, ‘ತಪ್ಪಾತ್ರೀ ಬಾಯಾರ’ ಎಂದೆ. ತಲೆ ಎತ್ತಲಾಗಲಿಲ್ಲ.

ಅವರು ಸ್ಟೂಲ್ ಎಳೆದುಕೊಂಡು ಕುಳಿತರು. ‘ಯಾಕ ವಾಪಸ್ ತಗೊಂಡ್ರಿ? ಪೂರಾ ಸುಳ್ಳೇನಲ್ಲ ಅದು’ ಎಂದರು. ‘ಔಷಧಿ ನಿಲ್ಲಿಸಿದ್ದು ಸರಿ ಅದ. ನೂರು ಸಲ ಆದರೂ ನಿಲ್ಲಸ್ತೀನಿ. ಆದ್ರ ಯಾಕ ಅಂತ ನಿಮಗ ಹೇಳಲಿಲ್ಲ ನೋಡ್ರಿ... ಆ ಅಜ್ಜಿ ಮಗನಿಗೆ ಪ್ರತಿಯೊಂದೂ ನಿಂತು ಹೇಳಿದೆ. ಅವನ ಅವ್ವಗ ಹಿಂಗಾಗಿದ್ರ ಸುಮ್ಮನ ಬಿಡತಿದ್ದೆನೇನು? ಕುಂದ್ರಿಸಿ ತಿಳಿಸಿ ಹೇಳತಿದ್ದೆ. ನಿಮಗ ಮತ್ತ ನಿಮ್ಮವ್ವಗ ಬರೇ ತಡೀರಿ ಅಂದೆ. ಇವರಿಗೆ ಹೇಳಿದ್ರ ತಿಳೀತದೇನು ಅಂತ ಮನಸಿನಾಗ ಇತ್ತೋ ಏನೋ. ನಿಮ್ಮ ಅರ್ಜಿ ಓದಿದ ದಿನದಿಂದ ನನ್ನ ನಾನ ಕೇಳ್ಕೊಳ್ಳಾಕತ್ತೀನಿ.’

ನಮ್ಮಂಥವರ ಎದುರು ಕುಳಿತು ಹಾಗೆ ಮಾತನಾಡಿದವರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಆಮೇಲೂ ಹೆಚ್ಚು ಜನರನ್ನು ಕಂಡಿಲ್ಲ.

ಸೀಳಿದ ಜಾಗಕ್ಕೆ ತೊಡೆಯ ಚರ್ಮ ತೆಗೆದು ಹಚ್ಚಿದರು. ಅದು ಕೂಡಿಕೊಳ್ಳುವವರೆಗೆ ಇನ್ನೂ ಒಂದು ತಿಂಗಳು ಆ ವಾರ್ಡಿನಲ್ಲಿದ್ದೆ. ಡಾಕ್ಟರಬಾಯಿ ಹೊಸ ರೋಗಿಗಳ ಹತ್ತಿರ ಕುಳಿತು ಮಾತನಾಡುವುದನ್ನು ಮಂಚದಿಂದಲೇ ನೋಡುತ್ತಿದ್ದೆ. ಚಂದ್ರಬಂಡದಿಂದ ಬಂದ ಒಬ್ಬ ಹೊಲದ ಆಳಿಗೆ, ಅವನ ಕಿವಿಯೂ ಮಂದವಿತ್ತು, ಮುಷ್ಟಿಗೆ ಕರವಸ್ತ್ರ ಸುತ್ತಿ ಸುತ್ತಿ ಬಿಚ್ಚಿ ಅರ್ಧ ಗಂಟೆ ವಿವರಿಸಿದರು. ಅವನು ಕೊನೆಗೆ, ‘ತಿಳೀತು ಬಿಡ್ರಿ ಯವ್ವಾ’ ಎಂದ. ‘ಏನ್ ತಿಳೀತು ಹೇಳ್ರಿ?’ ಎಂದರು. ಅವನಿಂದ ಪೂರ್ತಿ ಹೇಳಿಸಿಯೇ ಎದ್ದರು.

ನಾಲ್ಕು ತಿಂಗಳ ಮೇಲೆ ಊರುಗೋಲು ಬಿಟ್ಟು ನಡೆಯತೊಡಗಿದಾಗ ಅವರಿಗೆ ತೋರಿಸಬೇಕೆಂದು ಅವ್ವನೊಡನೆ ರಾಯಚೂರಿಗೆ ಹೋದೆ. ಅವರಿಗೆ ಬದಲಿಯಾಗಿತ್ತು. ಎಲ್ಲಿಗೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಊರು ಹೇಳಿದರು. ಆ ಬದಲಿಗೂ ನನ್ನ ಆ ಹಾಳೆಗೂ ಸಂಬಂಧವಿತ್ತೇ? ‘ಎಲ್ಲರಿಗೂ ಆಗತದ್ರಿ ಬದಲಿ’ ಎಂದಳು ನರ್ಸು, ನನ್ನ ಮುಖ ನೋಡದೆ. ಅಷ್ಟರ ಮೇಲೆ ನಾನು ಕೇಳಲಿಲ್ಲ. ಕೇಳಲು ಧೈರ್ಯವಿರಲಿಲ್ಲ ಎನ್ನುವುದೇ ಸರಿ. ಆಮೇಲೆ ಶಾಲೆ, ಮದುವೆ, ಮಕ್ಕಳು... ವರ್ಷಗಳು ಹೋದವು. ನೆನಪಾದಾಗಲೆಲ್ಲ ಹುಡುಕಬೇಕು ಅನ್ನಿಸುತ್ತಿತ್ತು. ಹುಡುಕಲಿಲ್ಲ.

ಈ ಸಲ ನಮ್ಮ ಮನೆಯವರ ಕೋಣೆಗೆ ಬರುತ್ತಿದ್ದ ಆ ಎಳೆ ವಯಸ್ಸಿನ ಡಾಕ್ಟರನ್ನು ಅವರ ಬಗ್ಗೆ ಕೇಳಿದೆ. ಅವಳು ಹುಟ್ಟುವ ಮೊದಲಿನ ಮಾತು, ಪಾಪ ಅವಳಿಗೇನು ಗೊತ್ತು. ಆದರೂ ಹೆಸರು ಬರೆದುಕೊಂಡು, ತನಗೆ ಕಲಿಸಿದವರನ್ನು ವಿಚಾರಿಸುತ್ತೇನೆ ಎಂದಳು. ನಾವು ಮನೆಗೆ ಹೊರಡುವ ದಿನ ಬಂದು ನನ್ನ ಪಕ್ಕದಲ್ಲಿ ಕುಳಿತಳು. ‘ಅವರು ತೀರ್ಕೊಂಡು ಭಾಳ ವರ್ಷ ಆತಂತ್ರೀ ಅಮ್ಮಾ, ಹೈದರಾಬಾದಿನಾಗ. ನಮ್ಮ ಸರ್‌ಗೂ ಅವರ ಕಲಿಸಿದ್ರಂತ’ ಎಂದಳು. ಅದಕ್ಕಿಂತ ಹೆಚ್ಚು ಅವಳಿಗೂ ತಿಳಿದಿರಲಿಲ್ಲ.

ಅವ್ವ ಹೋಗಿಯೂ ಹನ್ನೆರಡು ವರ್ಷವಾಯಿತು. ಇದ್ದಿದ್ದರೆ ಈ ಸುದ್ದಿಯನ್ನು ಅವಳಿಗೆ ಹೇಳಬಹುದಿತ್ತು. ಅವಳೊಬ್ಬಳಿಗೆ ಅದು ತಿಳಿಯುತ್ತಿತ್ತು. ನಮ್ಮ ಮನೆಯವರು ಕಾರಿನಲ್ಲಿ, ‘ಯಾಕ ಸುಮ್ಮನ ಕುಂತಿ?’ ಎಂದು ಎರಡು ಸಲ ಕೇಳಿದರು. ಏನಿಲ್ಲ ಎಂದೆ.

ಅವರು ಸಿಕ್ಕಿದ್ದರೆ ಏನು ಹೇಳುತ್ತಿದ್ದೆ ಎಂದು ಮಾನ್ವಿ ಮುಟ್ಟುವವರೆಗೆ ಯೋಚಿಸಿದೆ. ತಪ್ಪಾಯಿತು ಎಂಬುದನ್ನು ಅಂದೇ ಹೇಳಿದ್ದೆ. ಅವರು ಆ ತಪ್ಪನ್ನು ಪೂರ್ತಿ ನನಗೆ ಬಿಟ್ಟುಕೊಟ್ಟಿರಲಿಲ್ಲ, ಅರ್ಧ ತಾವು ಇಟ್ಟುಕೊಂಡಿದ್ದರು. ಹೇಳಲು ಉಳಿದದ್ದು ಒಂದು ಸಣ್ಣ ಮಾತು ಅಷ್ಟೇ. ನಿವೃತ್ತಿಯಾಗುವವರೆಗೆ ಮೂವತ್ತೇಳು ವರ್ಷ ಆ ಕಾಲಿನ ಮೇಲೆ ಪಾಠ ಮಾಡಿದೆ ಬಾಯಾರ. ಪ್ರತಿ ಕ್ಲಾಸಿನಲ್ಲೂ ಟೀಚರಿಗೆಂದು ಒಂದು ಕುರ್ಚಿ ಇರುತ್ತಿತ್ತು. ನಾನು ನಿಂತೇ ಇರುತ್ತಿದ್ದೆ.